ಟೇಪು ಗೆಲ್ಲಿಸಿದ ಕಛೇರಿ

ಗ್ರೇಟ್‌ಫುಲ್ ಡೆಡ್ ಎಂಬ ಅಮೆರಿಕದ ರಾಕ್ ತಂಡದ ಅಭಿಮಾನಿಗಳು ಜಗಳಗಂಟರು. ತಂಡ ಯಾವ ವರ್ಷ ಉತ್ತುಂಗದಲ್ಲಿತ್ತು, ಯಾವಾಗ ಹದಗೆಟ್ಟಿತು, ಕೀಬೋರ್ಡ್ ನುಡಿಸಿದವರಲ್ಲಿ ಯಾರು ಮೇಲು, ಯಾವುದಕ್ಕೂ ಇಬ್ಬರ ಉತ್ತರ ಒಂದೇ ಆಗಿರುವುದಿಲ್ಲ. ಒಂದು ಮಾತಿಗೆ ಮಾತ್ರ ಬಹುಪಾಲು ಜನ ತಲೆದೂಗುತ್ತಾರೆ: ಮೂವತ್ತು ವರ್ಷಗಳಲ್ಲಿ ತಂಡ ಕೊಟ್ಟ ಸುಮಾರು 2,300 ಕಛೇರಿಗಳಲ್ಲಿ ಎಲ್ಲಕ್ಕಿಂತ ಶ್ರೇಷ್ಠವಾದದ್ದು 1977ರ ಮೇ 8ರ ಭಾನುವಾರ ಇಥಾಕಾ ಊರಿನ ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ನಡೆದದ್ದು. ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಯ 2011ರ ಸಾಲಿಗೆ ಈ ಟೇಪನ್ನು ಸೇರಿಸಿಕೊಂಡ ಮೇಲಂತೂ ಅಭಿಮಾನಿಗಳ ಅಭಿಪ್ರಾಯಕ್ಕೆ ಸರ್ಕಾರಿ ಮೊಹರೂ ಬಿದ್ದಿತು.

ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಕಾರ್ನೆಲ್ ಕಛೇರಿ ಚೆನ್ನಾಗಿದೆ, ಅದರಲ್ಲಿ ತಕರಾರಿಲ್ಲ. ಆದರೆ ಅದನ್ನು ಅಷ್ಟು ಎತ್ತರಕ್ಕೆ ಏರಿಸಿದ್ದು ನುಡಿಸಿದವರ ಕೈಗಿಂತ ಹೆಚ್ಚಾಗಿ ರೆಕಾರ್ಡ್ ಮಾಡಿದಾಕೆಯ ಕಿವಿ, ಆಮೇಲೆ ಆ ಟೇಪು ಜನರ ಕೈಗೆ ಸಿಕ್ಕ ಗಳಿಗೆ. ಒಂದು ರಾತ್ರಿಯನ್ನು ಗದ್ದುಗೆಗೆ ಕೂರಿಸುವ ಈ ಚಾಳಿಯಿಂದಾಗಿ ತಂಡ ನಿಜವಾಗಿ ಮಾಡಿದ ಕೆಲಸವೇ ಮರೆಯಾಗುತ್ತಿದೆ ಎನ್ನುವುದು ನನ್ನ ದೊಡ್ಡ ಆಕ್ಷೇಪ.

ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು. 1965ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಜೆರ್ರಿ ಗಾರ್ಸಿಯಾ, ಬಾಬ್ ವಿಯರ್, ಫಿಲ್ ಲೆಶ್, ಬಿಲ್ ಕ್ರೂಟ್ಸ್‌ಮನ್ ಮತ್ತು ಪಿಗ್‌ಪೆನ್ ಎಂದೇ ಎಲ್ಲರೂ ಕರೆಯುತ್ತಿದ್ದ ರಾನ್ ಮೆಕರ್ನನ್ ಸೇರಿ ಕಟ್ಟಿದ ತಂಡ ಇದು. 1995ರ ಆಗಸ್ಟ್‌ನಲ್ಲಿ ಗಾರ್ಸಿಯಾ ತೀರಿಕೊಳ್ಳುವವರೆಗೆ ಊರೂರು ತಿರುಗುವುದೇ ಅದರ ಬದುಕಾಗಿತ್ತು. ಒಂದು ಹಾಡನ್ನು ಒಂದು ರಾತ್ರಿ ಐದು ನಿಮಿಷಕ್ಕೆ ಮುಗಿಸಿದವರು ಇನ್ನೊಂದು ರಾತ್ರಿ ಇಪ್ಪತ್ತು ನಿಮಿಷ ಎಳೆಯುತ್ತಿದ್ದರು. ಒಂದು ಹಾಡಿನ ಬಾಲದಿಂದ ಇನ್ನೊಂದರ ತಲೆಗೆ ನಿಲ್ಲದೆ ದಾಟುತ್ತಿದ್ದರು. ಮುಂದೇನು ನುಡಿಸುತ್ತಾರೆಂದು ಎಷ್ಟೋ ಸಲ ಅವರಿಗೇ ಗೊತ್ತಿರುತ್ತಿರಲಿಲ್ಲ. ಮನೋಧರ್ಮ ಸಂಗೀತ ಕೇಳಿ ಬೆಳೆದ ನಮ್ಮವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ, ರಾಕ್ ಸಂಗೀತದ ಮಟ್ಟಿಗೆ ಅದು ಅಪರೂಪ. ಪ್ರತಿ ರಾತ್ರಿಯೂ ಬೇರೆ ಎಂದ ಮೇಲೆ ಪ್ರತಿ ರಾತ್ರಿಯನ್ನೂ ಹಿಡಿದಿಟ್ಟುಕೊಳ್ಳುವ ಆಸೆ ಹುಟ್ಟುವುದು ಸಹಜ. ಅಭಿಮಾನಿಗಳು ಮೈಕು, ಟೇಪ್ ರೆಕಾರ್ಡರ್ ಹೊತ್ತು ಬರತೊಡಗಿದರು. ಮೈಕಿನ ಕೋಲುಗಳು ಸೌಂಡ್ ಎಂಜಿನಿಯರನ ಕಣ್ಣಿಗೆ ಅಡ್ಡವಾಗುವಷ್ಟು ಹೆಚ್ಚಿದಾಗ, 1984ರ ಅಕ್ಟೋಬರ್‌ನಲ್ಲಿ ಬರ್ಕ್ಲಿಯ ಕಛೇರಿಯಿಂದ ಮೊದಲುಗೊಂಡು ಅವರಿಗೆಂದೇ ಸೌಂಡ್ ಬೋರ್ಡಿನ ಹಿಂದೆ ಜಾಗ ಮಾಡಿಕೊಟ್ಟರು. ಇದನ್ನು ತಂಡದ ಮಹಾ ಔದಾರ್ಯವೆಂದು ಕೊಂಡಾಡುವವರಿದ್ದಾರೆ. ತಡೆಯಲಾಗದ್ದಕ್ಕೆ ಒಂದು ಶಿಸ್ತು ತಂದರು, ಅಷ್ಟೇ. ತಂಡದ ಸಂಪಾದನೆ ಟಿಕೆಟ್‌ನಲ್ಲಿತ್ತು, ಟೇಪು ಟಿಕೆಟ್ ಮಾರಿಸುತ್ತಿತ್ತು.

ಈಗ ಬಾರ್ಟನ್ ಹಾಲ್‌ಗೆ ಬರೋಣ. ಅದು ಸಂಗೀತಕ್ಕೆಂದು ಕಟ್ಟಿದ ಸಭಾಂಗಣವಲ್ಲ. ವಿದ್ಯಾರ್ಥಿಗಳಿಗೆ ಸೈನಿಕ ಕವಾಯತು ಮಾಡಿಸಲು, ಓಟ ಓಡಿಸಲು ಕಟ್ಟಿದ ದೊಡ್ಡ ಕಲ್ಲಿನ ಕೊಟ್ಟಿಗೆ. ಅಲ್ಲಿ ಸದ್ದು ಗೋಡೆಗೆ ಬಡಿದು ಮರಳುತ್ತದೆ. ಪ್ರೇಕ್ಷಕರ ನಡುವಿನಿಂದಲೇ ಮಾಡಿದ ರೆಕಾರ್ಡಿಂಗ್‌ಗಳು ಉಳಿದಿವೆ, ಕೇಳಿದರೆ ಆ ಹಾಲಿನ ಗುಂಗು ಗೊತ್ತಾಗುತ್ತದೆ. ಆದರೆ ಜಗತ್ತು ಮೆಚ್ಚಿದ ಟೇಪು ಅದಲ್ಲ. ಅದು ಬೆಟ್ಟಿ ಕ್ಯಾಂಟರ್-ಜಾಕ್ಸನ್ ಎಂಬ ಧ್ವನಿ ತಂತ್ರಜ್ಞೆ ವೇದಿಕೆಯ ಮೈಕುಗಳಿಂದ ನೇರವಾಗಿ ಪಡೆದು, ಆ ಕ್ಷಣದಲ್ಲೇ ತನ್ನ ಕಿವಿಯ ಅಳತೆಗೆ ಹದ ಮಾಡಿ, ಎರಡು ಟ್ರ್ಯಾಕಿನ ರೀಲಿಗೆ ಇಳಿಸಿದ್ದು. ಲೆಶ್‌ನ ಬೇಸ್ ಅಡಿಯಲ್ಲಿ ದುಂಡಗೆ ನಿಂತಿದೆ, ಎರಡು ಗಿಟಾರುಗಳು ಎಡಬಲಕ್ಕೆ ಬಿಡಿಯಾಗಿ ಕೇಳುತ್ತವೆ, ಕೀತ್ ಗಾಡ್‌ಶೋನ ಪಿಯಾನೊ ಎಲ್ಲೂ ಮುಳುಗುವುದಿಲ್ಲ. ನಮ್ಮ ಕಿವಿಗೆ ಬೀಳುವ ಈ ಕಛೇರಿಯನ್ನು ಆ ರಾತ್ರಿ ಹಾಲಿನಲ್ಲಿದ್ದ ಸಾವಿರಾರು ಜನರಲ್ಲಿ ಬೆಟ್ಟಿಯ ಹೊರತು ಯಾರೂ ಕೇಳಿರಲಿಲ್ಲ. ಶ್ರೇಷ್ಠ ಕಛೇರಿ ಎಂದು ತೀರ್ಪು ಕೊಡುವವರು ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಟೇಪಿನ ಮುಂದಿನ ಕಥೆ ಇನ್ನೂ ಮುಖ್ಯ. ಬೆಟ್ಟಿಗೆ ಕಷ್ಟಕಾಲ ಬಂತು. ರೀಲುಗಳನ್ನಿಟ್ಟಿದ್ದ ಬಾಡಿಗೆ ಗೋದಾಮಿನ ಹಣ ಕಟ್ಟಲಾಗಲಿಲ್ಲ. 1986ರಲ್ಲಿ ಗೋದಾಮಿನವರು ಸಾಮಾನನ್ನು ಹರಾಜು ಹಾಕಿದರು, ರೀಲುಗಳು ಕೊಂಡವರ ಪಾಲಾದವು. ಅವುಗಳ ಪ್ರತಿಗಳು ಅಭಿಮಾನಿಗಳ ನಡುವೆ ಹರಿಯತೊಡಗಿದ್ದು ಅದಾದ ಒಂದೆರಡು ವರ್ಷಗಳಲ್ಲಿ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲು ಮಾಡಿದಷ್ಟೂ ಸದ್ದು ಮಂಕಾಗಿ ಹಿಸ್ ಹೆಚ್ಚುತ್ತದೆ. ಐದಾರು ಕೈ ದಾಟಿ ಬಂದ ಮಬ್ಬು ಟೇಪುಗಳಿಗೆ ಒಗ್ಗಿದ್ದ ಕಿವಿಗೆ ಮೂಲ ರೀಲಿನಿಂದ ಇಳಿಸಿದ ಸದ್ದು ಹೇಗೆ ಕೇಳಿಸಿರಬೇಕು! ಇದೇ ಹೊತ್ತಿಗೆ, 1987ರಲ್ಲಿ, 'ಟಚ್ ಆಫ್ ಗ್ರೇ' ಹಾಡು ಅಮೆರಿಕದ ಮೊದಲ ಹತ್ತು ಜನಪ್ರಿಯ ಹಾಡುಗಳ ಸಾಲಿಗೆ ಸೇರಿತು. ಇಪ್ಪತ್ತೆರಡು ವರ್ಷ ಹಳೆಯ ತಂಡಕ್ಕೆ ಅದೇ ಮೊದಲ ದೊಡ್ಡ ಹಿಟ್. ಹೊಸ ಕೇಳುಗರು ನುಗ್ಗಿ ಬಂದರು. ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ ಹುಡುಗನ ಕೈಗೆ ಹಳಬರು ಯಾವ ಕ್ಯಾಸೆಟ್ ಕೊಟ್ಟಿರುತ್ತಾರೆ? ಸ್ವಚ್ಛವಾಗಿ ಕೇಳುವುದನ್ನು, ಒಂದೇ ಸಲಕ್ಕೆ ಹಿಡಿಸುವುದನ್ನು. ಆ ಪೀಳಿಗೆಗೆ ಕಾರ್ನೆಲ್ ಮೊದಲ ಪ್ರೇಮವಾಯಿತು. ಮೊದಲ ಪ್ರೇಮದ ಮೇಲೆ ವಿಮರ್ಶೆ ನಡೆಯುವುದಿಲ್ಲ.

ಹಾಗಾದರೆ ನುಡಿಸಿದ್ದರಲ್ಲಿ ಏನೂ ಇಲ್ಲವೇ? ಇದೆ. ಆ ವಸಂತದಲ್ಲಿ ತಂಡ ಬಿಗಿಯಾಗಿತ್ತು, ಅದಕ್ಕೆ ಕಾರಣವೂ ಗೊತ್ತಿರುವುದೇ. 'ಟೆರಪಿನ್ ಸ್ಟೇಷನ್' ಆಲ್ಬಂಗಾಗಿ ಅದೇ ವರ್ಷ ಅವರು ಸ್ಟುಡಿಯೊದಲ್ಲಿ ಕೂತಿದ್ದರು. ನಿರ್ಮಾಪಕ ಕೀತ್ ಓಲ್ಸನ್, ಫ್ಲೀಟ್‌ವುಡ್ ಮ್ಯಾಕ್ ತಂಡಕ್ಕೆ ಜನಪ್ರಿಯತೆ ತಂದುಕೊಟ್ಟ ಆಲ್ಬಂ ಮಾಡಿದವನು, ಸೋಮಾರಿ ತಾಳವನ್ನು ಸಹಿಸುವ ಆಸಾಮಿಯಲ್ಲ. ಇಬ್ಬರು ಡ್ರಮ್ಮರುಗಳನ್ನೂ ಒಂದೇ ದಾರಿಗೆ ತರಲು ಅವನು ತಿದ್ದಿ ತೀಡಿದ ಫಲ ಪ್ರವಾಸದುದ್ದಕ್ಕೂ ಕೇಳುತ್ತದೆ. ಕಾರ್ನೆಲ್‌ನ 'ಸ್ಕಾರ್ಲೆಟ್ ಬಿಗೋನಿಯಾಸ್' ಹಾಡಿನಿಂದ 'ಫೈರ್ ಆನ್ ದಿ ಮೌಂಟನ್'ಗೆ ದಾಟುವ ಜಾಗವನ್ನು ನಾನೂ ಮರಳಿ ಮರಳಿ ಕೇಳಿದ್ದೇನೆ. ಯಾರು ಮೊದಲು ಹೆಜ್ಜೆ ಇಟ್ಟರು ಎನ್ನುವುದೇ ತಿಳಿಯದ ಹಾಗೆ ಇಡೀ ತಂಡ ಆಚೆ ದಡದಲ್ಲಿ ನಿಂತಿರುತ್ತದೆ. ಕೊನೆಯ 'ಮಾರ್ನಿಂಗ್ ಡ್ಯೂ' ತಗ್ಗಿದ ದನಿಯಲ್ಲಿ ತೊಡಗಿ, ಗಾರ್ಸಿಯಾ ತಂತಿಗಳನ್ನು ಬಿರುಸಾಗಿ ಮೀಟುತ್ತಾ ಮೀಟುತ್ತಾ ಏರುವ ಏರು ಎಂಥವರನ್ನೂ ನಿಲ್ಲಿಸುತ್ತದೆ. (ಅಷ್ಟಾದ ಮೇಲೆ ಭಾನುವಾರದ ರಾತ್ರಿ 'ಒನ್ ಮೋರ್ ಸ್ಯಾಟರ್‌ಡೇ ನೈಟ್' ಹಾಡಿ ಮನೆಗೆ ಕಳಿಸಿದ್ದು ಅವರ ತುಂಟತನ.) ಆದರೆ ಇದೇ ಗುಣ ಹಿಂದಿನ ರಾತ್ರಿ ಬಾಸ್ಟನ್‌ನಲ್ಲೂ ಇದೆ, ಮರುರಾತ್ರಿ ಬಫಲೊದಲ್ಲೂ ಇದೆ. ಬಫಲೊದಲ್ಲಿ ಕಛೇರಿಗೆ ನಾಂದಿಯಾಗಿ ನುಡಿಸಿದ 'ಹೆಲ್ಪ್ ಆನ್ ದಿ ವೇ', 'ಸ್ಲಿಪ್‌ನಾಟ್', 'ಫ್ರಾಂಕ್ಲಿನ್ಸ್ ಟವರ್' ಸರಣಿಯನ್ನು ಕಾರ್ನೆಲ್‌ನ ಮೊದಲರ್ಧದ ಯಾವ ತುಣುಕಿನ ಪಕ್ಕದಲ್ಲಿ ಬೇಕಾದರೂ ಇಟ್ಟು ಕೇಳಿ. ಕಾರ್ನೆಲ್‌ನ ಮೊದಲರ್ಧ ಅಚ್ಚುಕಟ್ಟು, ಅದಕ್ಕಿಂತ ಹೆಚ್ಚೇನೂ ಹೇಳಲಾಗದು.

ಕಾರ್ನೆಲ್‌ನಲ್ಲಿ ಏನಿಲ್ಲ ಎನ್ನುವುದನ್ನೂ ನೋಡಬೇಕು. ಅಲ್ಲಿ 'ಡಾರ್ಕ್ ಸ್ಟಾರ್' ಇಲ್ಲ. ಈ ತಂಡಕ್ಕೆ ಆ ಹಾಡು ಏನೆಂದರೆ, ಒಂದು ಚಿಕ್ಕ ಪಲ್ಲವಿ, ಅದರ ಸುತ್ತ ಗೊತ್ತುಗುರಿಯಿಲ್ಲದ ಆಕಾಶ. 1969ರ 'ಲೈವ್/ಡೆಡ್' ಆಲ್ಬಂನಲ್ಲಿ ಅದು 23 ನಿಮಿಷ. 1972ರ ಮೇ 11ರಂದು ರಾಟರ್‌ಡ್ಯಾಮ್‌ನಲ್ಲಿ ಮುಕ್ಕಾಲು ಗಂಟೆಯನ್ನೂ ದಾಟಿತು. 1974ರ ಅಕ್ಟೋಬರ್‌ನಿಂದ 1978ರ ಡಿಸೆಂಬರ್ 31ರವರೆಗೆ ತಂಡ ಅದನ್ನು ನುಡಿಸಲೇ ಇಲ್ಲ. ಎಂದರೆ 1977ರ ಗ್ರೇಟ್‌ಫುಲ್ ಡೆಡ್ ತನ್ನ ಅತಿ ಧೈರ್ಯದ ಕೃತಿಯನ್ನು ಪಕ್ಕಕ್ಕಿಟ್ಟು, ಹಾಡು ಮತ್ತು ಕುಣಿತದ ಕಡೆಗೆ ತಿರುಗಿದ್ದ ತಂಡ.

ಡ್ರಮ್ಮಿನ ಮಾತೂ ಇದೆ. 1971ರ ಫೆಬ್ರವರಿಯಿಂದ 1974ರ ಅಕ್ಟೋಬರ್‌ವರೆಗೆ ಎರಡನೆಯ ಡ್ರಮ್ಮರ್ ಮಿಕಿ ಹಾರ್ಟ್ ತಂಡದಲ್ಲಿರಲಿಲ್ಲ, ಕ್ರೂಟ್ಸ್‌ಮನ್ ಒಬ್ಬನೇ ನುಡಿಸುತ್ತಿದ್ದ. ಒಬ್ಬನೇ ಇದ್ದಾಗ ತಂಡ ಕಣ್ಣು ಮಿಟುಕಿಸುವಷ್ಟರಲ್ಲಿ ದಿಕ್ಕು ಬದಲಿಸಬಲ್ಲದು. ಇಬ್ಬರಾದಾಗ ತೂಕ ಬರುತ್ತದೆ, ತಿರುವು ನಿಧಾನವಾಗುತ್ತದೆ. ಹಾರ್ಟ್‌ನನ್ನು ಹೀಗಳೆಯಲು ಈ ಮಾತು ಹೇಳುತ್ತಿಲ್ಲ. ಅಲ್ಲಾ ರಖಾ ಅವರಿಂದ ತಾಳದ ಲೆಕ್ಕ ಕಲಿತು ಬಂದವನು ಅವನು. ತಂಡದ 'ದಿ ಇಲೆವೆನ್' ಹಾಡು ಹನ್ನೊಂದು ಮಾತ್ರೆಯ ಎಣಿಕೆಯಲ್ಲಿ ಓಡುವುದರ ಹಿಂದೆ ಆ ಸಹವಾಸವಿದೆ. ಜಾಕಿರ್ ಹುಸೇನ್ ಜೊತೆ ಅವನು ಮಾಡಿದ 'ದಿಗ' ಆಲ್ಬಂ 1976ರಲ್ಲಿ ಡೆಡ್‌ನ ಸ್ವಂತ ಲೇಬಲ್‌ನಿಂದಲೇ ಬಂತು. ವಿಕ್ಕು ವಿನಾಯಕರಾಂ ಅವರ ಘಟವೂ ಇದ್ದ 1991ರ 'ಪ್ಲಾನೆಟ್ ಡ್ರಮ್', ವಿಶ್ವಸಂಗೀತ ಆಲ್ಬಂಗೆಂದು ಕೊಟ್ಟ ಮೊತ್ತಮೊದಲ ಗ್ರ್ಯಾಮಿಯನ್ನು ಗೆದ್ದಿತು. ಅಂಥ ಮನುಷ್ಯ ಮರಳಿ ಬಂದು ಮೂರು ವರ್ಷವೂ ತುಂಬಿರದ ಕಾಲದ ಕಛೇರಿ ಕಾರ್ನೆಲ್‌ನದು. ಅಲ್ಲಿ ಅವನ ಆ ವಿದ್ಯೆಗೆ ಕೆಲಸ ಕಡಿಮೆ. ಹೆಚ್ಚಿನವು ಕಾಲು ಕುಣಿಸುವ ಸರಳ ನಡೆ.

ಇಲ್ಲೊಂದು ವಿಚಿತ್ರ ಕಾಣುತ್ತದೆ. ಡೆಡ್ ಅಭಿಮಾನಿಗಳು ಮೊದಲಿನಿಂದ ಸಾರಿಕೊಂಡು ಬಂದ ಮಾತೇನು? ಈ ತಂಡವನ್ನು ಸ್ಟುಡಿಯೊ ಆಲ್ಬಂಗಳಲ್ಲಿ ಹುಡುಕಬೇಡಿ, ಅದು ಬದುಕುವುದು ವೇದಿಕೆಯ ಮೇಲೆ, ಎಡವಿ ಬಿದ್ದು ಏಳುವ ಸಾಹಸದಲ್ಲಿ ಎಂದು. ಅಂಥವರೇ ಕಿರೀಟ ತೊಡಿಸಿದ್ದು ಯಾವುದಕ್ಕೆ? ತಪ್ಪೇ ಇಲ್ಲದ, ಸಮತೂಕದ, ಸ್ಟುಡಿಯೊ ಆಲ್ಬಂನಷ್ಟೇ ನುಣುಪಾದ ಒಂದು ರಾತ್ರಿಗೆ! ಸಾಹಸವೇ ಮಾನದಂಡವಾಗಿದ್ದರೆ 1972ರ ಆಗಸ್ಟ್ 27ರ ವೆನಿಟಾ ಗೆಲ್ಲಬೇಕಿತ್ತು. ಒರೆಗಾನ್ ರಾಜ್ಯದ ಒಂದು ಹಾಲಿನ ಡೇರಿಯನ್ನು ಉಳಿಸಲು ಬಯಲಿನಲ್ಲಿ ಕೊಟ್ಟ ಸಹಾಯಾರ್ಥ ಕಛೇರಿ ಅದು. ಬಿಸಿಲು ನಲವತ್ತು ಡಿಗ್ರಿಯ ಆಸುಪಾಸು, ಕುಡಿಯುವ ನೀರಿಗೂ ತತ್ವಾರ, ಕಾವಿಗೆ ತಂತಿಗಳ ಶ್ರುತಿ ನಿಲ್ಲುತ್ತಿರಲಿಲ್ಲ. ಆ ಅಪಶ್ರುತಿಯ ನಡುವೆಯೇ ಅರ್ಧ ಗಂಟೆಯ ಒಂದು 'ಡಾರ್ಕ್ ಸ್ಟಾರ್' ಹುಟ್ಟಿತು. ಅದರಲ್ಲಿ ತಂಡ ದಾರಿ ತಪ್ಪುವುದನ್ನೂ, ತಪ್ಪಿದ ದಾರಿಯಲ್ಲೇ ಹೊಸದೊಂದು ಕಾಣುವುದನ್ನೂ ಕೇಳಬಹುದು. ಕಾರ್ನೆಲ್‌ನಲ್ಲಿ ಯಾರೂ ದಾರಿ ತಪ್ಪುವುದಿಲ್ಲ.

ನಾವು ಟೇಪಿಗೆ ಅಂಕ ಕೊಟ್ಟು ಕಛೇರಿಗೆ ಕೊಟ್ಟೆವೆಂದುಕೊಳ್ಳುತ್ತಿದ್ದೇವೆ ಎನ್ನುವುದಕ್ಕೆ ನನಗೆ ಸಿಕ್ಕಿರುವ ಬಲವಾದ ಸಾಕ್ಷಿ 1974ರದು. ಆ ವರ್ಷ ತಂಡದ ಧ್ವನಿ ತಂತ್ರಜ್ಞ ಔಸ್ಲಿ ಸ್ಟ್ಯಾನ್ಲಿ ಮತ್ತು ಸಂಗಡಿಗರು 'ವಾಲ್ ಆಫ್ ಸೌಂಡ್' ಕಟ್ಟಿದರು. ಸುಮಾರು 75 ಟನ್ ತೂಕದ, 600ಕ್ಕೂ ಹೆಚ್ಚು ಸ್ಪೀಕರುಗಳ ಗೋಡೆ ಅದು. ಮಾರ್ಚ್ 23ರಂದು ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಕೌ ಪ್ಯಾಲೇಸ್‌ನಲ್ಲಿ ಅದರ ಪ್ರವೇಶ. ಗೋಡೆ ನಿಂತಿದ್ದು ವಾದಕರ ಬೆನ್ನ ಹಿಂದೆ, ಆದ್ದರಿಂದ ಪ್ರೇಕ್ಷಕರು ಕೇಳಿದ್ದನ್ನೇ ವಾದಕರೂ ಕೇಳುತ್ತಿದ್ದರು. ಪ್ರತಿ ವಾದ್ಯಕ್ಕೂ ಅದರದೇ ಸ್ಪೀಕರ್ ಕಂಬ. ಒಂದು ಸ್ಪೀಕರಿನಲ್ಲಿ ಎರಡು ವಾದ್ಯ ಕಲಸಿಹೋಗದ ಕಾರಣ ದೂರದವರೆಗೂ ಸದ್ದು ಒಡೆಯದೆ ತಲುಪುತ್ತಿತ್ತು. ಆದರೆ ಸ್ಪೀಕರು ಹಿಂದಿದ್ದರೆ ಅದರ ಸದ್ದು ಹಾಡುವ ಮೈಕಿಗೇ ನುಗ್ಗಿ ಊಳಿಡುತ್ತದೆ. ಅದಕ್ಕೊಂದು ಉಪಾಯ ಮಾಡಿದರು: ಪ್ರತಿ ಗಾಯಕನ ಮುಂದೆ ಜೋಡಿ ಮೈಕು, ಒಂದರ ವಿದ್ಯುತ್ ಸಂಪರ್ಕ ಇನ್ನೊಂದಕ್ಕೆ ತಿರುಗುಮುರುಗು. ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ಬಿದ್ದು ಪರಸ್ಪರ ಅಳಿಸಿಹೋಗುತ್ತದೆ, ಒಂದೇ ಮೈಕಿಗೆ ಹಾಡಿದ ದನಿ ಮಾತ್ರ ಉಳಿಯುತ್ತದೆ. ಜಾಣ ಉಪಾಯವೇ. ಆದರೆ ದನಿಯ ಮೈಯೂ ಒಂದಷ್ಟು ಅಳಿಸಿಹೋಗುತ್ತಿತ್ತು. ಅದಕ್ಕೇ 1974ರ ಟೇಪುಗಳಲ್ಲಿ ವಾದ್ಯಗಳೆಲ್ಲ ಭವ್ಯವಾಗಿದ್ದು ಹಾಡುವ ದನಿ ತೆಳ್ಳಗೆ, ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಎದುರಿಗೆ ನಿಂತವರಿಗೆ ಈ ತಂಡದ ಸದ್ದು ಅತ್ಯುತ್ತಮವಾಗಿದ್ದ ವರ್ಷವೇ ಟೇಪಿನ ಕೇಳುಗರಿಗೆ ಒಂದು ಕೈ ಕಡಿಮೆ. ಮಾರ್ದನಿ ತುಂಬಿದ ಕವಾಯತು ಹಾಲಿನ ರಾತ್ರಿಯೇ ಟೇಪಿನ ಕೇಳುಗರಿಗೆ ಶಿಖರ. ಬಾಳೆಲೆಯ ಊಟವನ್ನು ಫೋಟೊದಲ್ಲಿ ನೋಡಿ ರುಚಿಗೆ ಅಂಕ ಹಾಕಿದ ಹಾಗಾಯಿತು.

'ಲೈವ್' ಎಂದ ಕೂಡಲೇ ಅದು ಕಲಬೆರಕೆಯಿಲ್ಲದ ಸತ್ಯ ಎಂಬ ನಂಬಿಕೆಯೂ ಈ ತಪ್ಪಿಗೆ ನೀರೆರೆದಿದೆ. ಬೆಟ್ಟಿಯ ಹಳೆಯ ಪ್ರತಿಗಳನ್ನು ಪೂಜಿಸುವವರು 'ಯುರೋಪ್ '72' ಆಲ್ಬಂ ಅನ್ನೂ ಪೂಜಿಸುತ್ತಾರೆ. ಅದರ ಗಾಯನವನ್ನು ಪ್ರವಾಸ ಮುಗಿಸಿ ಬಂದು ಸ್ಟುಡಿಯೊದಲ್ಲಿ ಮತ್ತೆ ಹಾಡಿ ಸೇರಿಸಿದ್ದು. ಆಲ್ಬಂ ಅದರಿಂದ ಕೆಟ್ಟಿಲ್ಲ, ಇನ್ನೂ ಚೆನ್ನಾಗಿಯೇ ಆಗಿದೆ ಎಂದು ನನ್ನ ಕಿವಿ ಹೇಳುತ್ತದೆ. 'ಲೈವ್/ಡೆಡ್' ಕೂಡ ಒಂದು ರಾತ್ರಿಯದಲ್ಲ. 1969ರ ಮೊದಲ ತಿಂಗಳುಗಳಲ್ಲಿ ಅವಲಾನ್ ಬಾಲ್‌ರೂಮ್ ಮತ್ತು ಫಿಲ್‌ಮೋರ್ ವೆಸ್ಟ್‌ನಲ್ಲಿ 16 ಟ್ರ್ಯಾಕಿನ ಯಂತ್ರವಿಟ್ಟು ಹಿಡಿದ ಹಲವು ರಾತ್ರಿಗಳಿಂದ ಆರಿಸಿ ಪೋಣಿಸಿದ್ದು. ಟೇಪು ಎಂದಮೇಲೆ ಅಲ್ಲೊಂದು ಕೈ ಕೆಲಸ ಮಾಡಿರುತ್ತದೆ. ಆ ಕೈಗೆ ಮರ್ಯಾದೆ ಕೊಡಬೇಕು, ಅದಿಲ್ಲವೆಂದು ನಟಿಸಬಾರದು.

ಒಂದು ರಾತ್ರಿಯ ಖ್ಯಾತಿಯನ್ನು ನೆಚ್ಚುವಂತಿಲ್ಲ ಎಂದು ತೋರಿಸಲು ದೂರ ಹೋಗಬೇಕಿಲ್ಲ. ವುಡ್‌ಸ್ಟಾಕ್‌ನಲ್ಲಿ ಇವರು ನುಡಿಸಿದ್ದು ಇವರಿಗೇ ಬೇಡವಾಗಿತ್ತು. 1978ರಲ್ಲಿ ಈಜಿಪ್ಟಿನ ಪಿರಮಿಡ್ಡುಗಳ ಬುಡದಲ್ಲಿ ನುಡಿಸಿದ ಮೂರು ರಾತ್ರಿಗಳ ವಿಷಯವೂ ಅಷ್ಟೆ. ಪಿಯಾನೊ ಶ್ರುತಿ ತಪ್ಪಿತ್ತು, ಕ್ರೂಟ್ಸ್‌ಮನ್‌ನ ಕೈ ಮುರಿದಿತ್ತು, ಪ್ರವಾಸದ ಖರ್ಚು ತೆಗೆಯಲು ಯೋಚಿಸಿದ್ದ ಆಲ್ಬಂ ಆಗ ಬರಲೇ ಇಲ್ಲ. 1973ರ ಜುಲೈನಲ್ಲಿ ವಾಟ್ಕಿನ್ಸ್ ಗ್ಲೆನ್ ಉತ್ಸವಕ್ಕೆ ಆರು ಲಕ್ಷ ಜನ ಬಂದರು. ಇಂದು ಉಳಿದಿರುವುದು ಹಿಂದಿನ ದಿನ ಸದ್ದು ಪರೀಕ್ಷಿಸಲು ಹತ್ತಿದವರು ಸುಮ್ಮನೆ ನುಡಿಸಿದ ಒಂದು ಜಾಮ್‌ನ ಹೆಸರು.

ಇದಕ್ಕೊಂದು ಪ್ರಶ್ನೆ ಎದುರಾಗುತ್ತದೆ. ಅಂದು ಹಾಲಿನಲ್ಲಿ ಹೇಗೆ ಕೇಳಿತು ಎನ್ನುವುದು ಈಗ ಯಾರಿಗೆ ಬೇಕು, ನಮಗೆ ಉಳಿದಿರುವುದು ಟೇಪು ತಾನೇ, ಅದಕ್ಕೇ ಅಂಕ ಕೊಟ್ಟರೆ ತಪ್ಪೇನು? ತಪ್ಪಿಲ್ಲ. ಟೇಪಿಗೆ ಎಂದು ಹೇಳಿ ಕೊಟ್ಟರೆ ತಪ್ಪಿಲ್ಲ. ಆಗ ಪಟ್ಟಿಯ ರೂಪವೇ ಬದಲಾಗುತ್ತದೆ. ಒಂದು ರಾತ್ರಿಯನ್ನು ಎತ್ತಿ ಹಿಡಿಯಲು ಕಾರಣವಿರುವುದಿಲ್ಲ, ಬೆಟ್ಟಿ ಹಿಡಿದಿಟ್ಟ ಆ ವರ್ಷದ ಹತ್ತಾರು ರಾತ್ರಿಗಳೂ ಒಟ್ಟಿಗೆ ಎದ್ದು ನಿಲ್ಲುತ್ತವೆ.

ನಾನು ಹೇಳಲು ಹೊರಟಿದ್ದೂ ಅದನ್ನೇ. ಈ ತಂಡದ ಕೃತಿ ಎಂದರೆ ಹಾಡಲ್ಲ, ಆಲ್ಬಂ ಅಲ್ಲ, ಒಂದು ಕಛೇರಿಯೂ ಅಲ್ಲ. ಅವರ ಕೃತಿ ಒಂದು ಪ್ರವಾಸ. ನಿನ್ನೆ ನುಡಿಸಿದ್ದು ಕೈಯಲ್ಲಿ ಇನ್ನೂ ಬಿಸಿಯಾಗಿರುವಾಗಲೇ ಇಂದು ಬೇರೆ ಊರಲ್ಲಿ ಬೇರೆ ನುಡಿಸಬೇಕು, ನಿನ್ನೆ ಸಿಕ್ಕಿದ್ದನ್ನು ಬೆಳೆಸಬೇಕು ಇಲ್ಲವೇ ಬಿಡಬೇಕು. 1972ರ ಏಪ್ರಿಲ್ 7ರಂದು ವೆಂಬ್ಲಿಯಲ್ಲಿ ಶುರುವಾಗಿ ಮೇ 26ರಂದು ಲಂಡನ್‌ನ ಲೈಸಿಯಂನಲ್ಲಿ ಮುಗಿದ ಯುರೋಪ್ ಪ್ರವಾಸದ 22 ಕಛೇರಿಗಳೂ 2011ರಲ್ಲಿ 73 ಸಿ.ಡಿ.ಗಳ ಪೆಟ್ಟಿಗೆಯಾಗಿ ಬಂದವು. ಹುಚ್ಚು ಸಂಗ್ರಾಹಕರಿಗೆ ಮಾಡಿದ ಮಾರಾಟ ಎಂದು ನಕ್ಕವರಿದ್ದಾರೆ. ಬೆಲೆ ನೋಡಿದರೆ ನಗುವಂತೆಯೇ ಇತ್ತು. ಆದರೆ ಸಾಲಾಗಿ ಕೇಳಿದವರಿಗೆ ಮಾತ್ರ ಕಾಣುವ ಸಂಗತಿಗಳು ಅದರಲ್ಲಿವೆ. ಹೆಚ್ಚುಕಡಿಮೆ ಒಂದು ರಾತ್ರಿ 'ಡಾರ್ಕ್ ಸ್ಟಾರ್', ಮರುರಾತ್ರಿ 'ದಿ ಅದರ್ ಒನ್' ಎಂದು ಸರದಿಯಲ್ಲಿ ನುಡಿಸುತ್ತಾ, ಒಂದರಲ್ಲಿ ಕಂಡದ್ದನ್ನು ಇನ್ನೊಂದಕ್ಕೆ ಕೊಂಡೊಯ್ಯುತ್ತಾರೆ. ಕೀತ್ ಗಾಡ್‌ಶೋ ಎಂಬ ಹೊಸಬ ವಾರದಿಂದ ವಾರಕ್ಕೆ ಧೈರ್ಯ ತಾಳುತ್ತಾನೆ. ಇತ್ತ ಪಿಗ್‌ಪೆನ್ ಕಾಯಿಲೆಯಿಂದ ಸೊರಗಿದ್ದಾನೆ, ಕೆಲವು ಹಾಡುಗಳಲ್ಲಿ ಹಳೆಯ ಠೀವಿ ಮರಳುತ್ತದೆ, ಕೆಲವು ಕಡೆ ಅವನು ಇದ್ದಾನೋ ಇಲ್ಲವೋ ತಿಳಿಯದು. ಅದು ಅವನ ಕೊನೆಯ ಪ್ರವಾಸ. 1973ರ ಮಾರ್ಚ್‌ನಲ್ಲಿ ಅವನು ತೀರಿಕೊಂಡ. ಈ ಏರಿಳಿತ ಯಾವ ಒಂದು ರಾತ್ರಿಯಲ್ಲೂ ಸಿಗುವುದಿಲ್ಲ.

ಕೊನೆಗಾಲದ ತಂಡವನ್ನು ತಳ್ಳಿಹಾಕುವುದಕ್ಕೂ ಈ ಗದ್ದುಗೆ ಪೂಜೆಯೇ ಕಾರಣ. ಶಿಖರ 1977ರಲ್ಲಿ ಎಂದು ಒಪ್ಪಿದರೆ ಆಮೇಲಿನದೆಲ್ಲ ಇಳಿಜಾರೇ ಆಗಬೇಕಲ್ಲ. ಇಳಿಜಾರು ಇತ್ತು, ಸುಳ್ಳಲ್ಲ. 1995ರ ಬೇಸಿಗೆಯಲ್ಲಿ ಗಾರ್ಸಿಯಾನ ಬೆರಳೂ ನೆನಪೂ ಕೈಕೊಡುತ್ತಿದ್ದವು. ಇಂಡಿಯಾನಾದ ಡಿಯರ್ ಕ್ರೀಕ್‌ನಲ್ಲಿ ಟಿಕೆಟ್ ಇಲ್ಲದ ಜನ ಬೇಲಿ ಮುರಿದು ನುಗ್ಗಿ ಮರುದಿನದ ಕಛೇರಿಯೇ ರದ್ದಾಯಿತು. ಜುಲೈ 9ರ ಶಿಕಾಗೊ ಕಛೇರಿ ಕೊನೆಯದು. ಆದರೆ 1990ರ ಮಾರ್ಚ್ 29ರಂದು ನಸ್ಸಾವ್ ಕೊಲೀಸಿಯಂನಲ್ಲಿ ಜಾಸ್ ಸ್ಯಾಕ್ಸೊಫೋನ್ ವಾದಕ ಬ್ರಾನ್‌ಫರ್ಡ್ ಮರ್ಸಾಲಿಸ್ ಬಂದು ಜೊತೆಗೂಡಿದ 'ಐಸ್ ಆಫ್ ದಿ ವರ್ಲ್ಡ್' ಕೇಳಿದವರು ಇಳಿಜಾರಿನ ಮಾತನ್ನು ಅಷ್ಟು ಸಲೀಸಾಗಿ ಆಡಲಾರರು. ಅತಿಥಿ ಒಂದು ಸ್ವರಪುಂಜ ಎಸೆಯುತ್ತಾನೆ, ಗಾರ್ಸಿಯಾ ಅದನ್ನು ಹಿಡಿದು ತಿರುಗಿಸಿ ಕೊಡುತ್ತಾನೆ. ಕಾರ್ನೆಲ್‌ನ ಗಾರ್ಸಿಯಾಗೆ ಹಾಗೆ ಮಾರುತ್ತರ ಕೊಡಬೇಕಾದ ಪ್ರಮೇಯವೇ ಬಂದಿರಲಿಲ್ಲ.

ಕೇಳಬೇಕೆನಿಸಿದವರಿಗೆ ಅಡ್ಡಿಯೇನೂ ಇಲ್ಲ. ಇಂಟರ್ನೆಟ್ ಆರ್ಕೈವ್‌ನಲ್ಲಿ ಪ್ರೇಕ್ಷಕರ ಟೇಪುಗಳೂ ಸೌಂಡ್ ಬೋರ್ಡಿನ ಟೇಪುಗಳೂ ಸಾವಿರಗಟ್ಟಲೆ ಇವೆ, ದುಡ್ಡು ಕೊಡಬೇಕಿಲ್ಲ. ಕಾರ್ನೆಲ್‌ನ ಅಧಿಕೃತ ಆವೃತ್ತಿ 2017ರಲ್ಲಿ ಬಂದಾಗ ಪೆಟ್ಟಿಗೆಯಲ್ಲಿ ಅದೊಂದೇ ಇರಲಿಲ್ಲ, ನ್ಯೂ ಹೇವನ್, ಬಾಸ್ಟನ್, ಬಫಲೊ ಸೇರಿ ಮೇ 5ರಿಂದ 9ರವರೆಗಿನ ನಾಲ್ಕೂ ಕಛೇರಿಗಳಿದ್ದವು. ಆ ಕ್ರಮದಲ್ಲೇ ನಾಲ್ಕನ್ನೂ ಕೇಳಿ, ಆಮೇಲೆ 1972ಕ್ಕೆ ಹೋಗಿ. ಅಷ್ಟಾದ ಮೇಲೂ ಕಾರ್ನೆಲೇ ಮೇಲು ಎನಿಸಿದರೆ ಧಾರಾಳವಾಗಿ ಹಾಗೇ ಹೇಳಿ. ಪ್ರಶಸ್ತಿಯನ್ನು ಮಾತ್ರ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಹೆಸರಿಗೆ ಬರೆಯಿರಿ.